ಕಪ್ಪೆ ಕೂಗದ ಮಳೆಗಾಲ

1975ರ ಜೂನ್ 26. ಹಿಂದಿನ ರಾತ್ರಿಯಷ್ಟೇ ಇಂದಿರಾ ಗಾಂಧಿಯವರ ಸರ್ಕಾರ ತುರ್ತು ಪರಿಸ್ಥಿತಿ ಹೇರಿತ್ತು. ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಇಬ್ಬರನ್ನೂ ಇಲ್ಲೇ ಬಂಧಿಸಿದರು ಅನ್ನುವ ಸುದ್ದಿ ನಮ್ಮ ಕಚೇರಿಗೆ ಬಂತು. ಆದರೆ ಅದನ್ನು ಹಾಕುವ ಹಾಗಿರಲಿಲ್ಲ, ಸೆನ್ಸಾರ್ ಶುರುವಾಗಿತ್ತು. ಆಗ ನಾನು ಒಂದು ಕನ್ನಡ ಪತ್ರಿಕೆಗೆ ದಿನವೂ ಸಣ್ಣ ಕಾರ್ಟೂನ್ ಬರೆಯುತ್ತಿದ್ದೆ. 1973ರಲ್ಲಿ ಚಿಲಿಯಲ್ಲಿ ಆದ ಹಾಗೆ ಇಲ್ಲಿ ಸೇನೆ ಬಂದು ಕುರ್ಚಿ ಹಿಡಿದಿರಲಿಲ್ಲ. ಆದರೂ ನನ್ನ ಚಿತ್ರ ಅಚ್ಚಾಗಬೇಕೋ ಬೇಡವೋ ಅಂತ ಹೇಳುವವರು ಸಂಪಾದಕರ ಬದಲು ಸರ್ಕಾರದ ಒಬ್ಬ ಅಧಿಕಾರಿ ಆಗಿಬಿಟ್ಟಿದ್ದರು.

ಆ ಕಾಲದಲ್ಲಿ ಕಾರ್ಟೂನ್‌ಗೆ ಸತುವಿನ ಬ್ಲಾಕ್, ಅಂದರೆ ಅಚ್ಚು ಹಾಕುವ ಫಲಕ, ಮಾಡಿಸಬೇಕಿತ್ತು, ಅದಕ್ಕೆ ಹೊತ್ತು ಹಿಡಿಯುತ್ತಿತ್ತು, ಹಾಗಾಗಿ ಮಧ್ಯಾಹ್ನವೇ ಹಾಳೆ ಹಿಡಿದುಕೊಂಡು ಸೆನ್ಸಾರ್ ಕಚೇರಿಗೆ ಹೋಗಿ ಕಾಯಬೇಕು, ಬೇಡ ಅಂದರೆ ಇನ್ನೊಂದು ಬರೆಯೋಕೆ ಸಮಯವೇ ಇಲ್ಲ. ಜಾಗ ಖಾಲಿ ಬಿಡೋಣ ಅಂದರೆ ಅದೂ ಪ್ರತಿಭಟನೆ ಅಂತ ತಡೆದಿದ್ದರು. ಅದಕ್ಕೇ ದಿನವೂ ಎರಡು ಚಿತ್ರ ಒಯ್ಯುತ್ತಿದ್ದೆ.

ಮೊದಲ ದಿನಗಳಲ್ಲಿ ಬರೀ ತಿರಸ್ಕಾರ. ಒಂದು ಚಿತ್ರದಲ್ಲಿ ಬಸ್ಸಿನ ಮೇಲೆ ‘ಮಾತು ಕಡಿಮೆ, ಹೆಚ್ಚು ದುಡಿಮೆ’ ಅಂತ ಬರಹ, ಒಳಗೆ ಎಲ್ಲರೂ ಬಾಯಿಗೆ ಟವೆಲ್ ಕಟ್ಟಿಕೊಂಡು ಕೂತಿದ್ದಾರೆ. ಅದು ಹೋಯಿತು. ಅಲ್ಲಿ ಕೂತು ಕಾಯುವಾಗ ಅಧಿಕಾರಿಯ ಕಣ್ಣು ಗಮನಿಸತೊಡಗಿದೆ. ಅವರು ಮೊದಲು ಕೆಳಗಿನ ಸಾಲು ಓದುತ್ತಿದ್ದರು. ಆಮೇಲೆ ಇಂದಿರಾ ಅವರ ಉದ್ದ ಮೂಗು, ಕೂದಲಲ್ಲಿ ಬಿಳಿ ಪಟ್ಟೆ, ಗಾಂಧಿ ಟೋಪಿ ಇದೆಯಾ ಅಂತ ಹುಡುಕುತ್ತಿದ್ದರು. ಇಲ್ಲದಿದ್ದರೆ ಮೊಹರು ಬೀಳುತ್ತಿತ್ತು.

ಸರಿ, ಮಾತನ್ನೂ ತೆಗೆದೆ, ಮುಖವನ್ನೂ ತೆಗೆದೆ.

ಜುಲೈಯಲ್ಲಿ ಒಂದು ಕೆರೆ ಬರೆದೆ. ಜೋರು ಮಳೆ. ಕೆರೆ ತುಂಬ ಕಪ್ಪೆಗಳು, ಒಂದೂ ಬಾಯಿ ಬಿಟ್ಟಿಲ್ಲ. ದಂಡೆಯ ಮೇಲೆ ಗೊರಬು ಹಾಕಿಕೊಂಡ ರೈತ ಕಿವಿಗೆ ಕೈ ಕೊಟ್ಟು ನಿಂತಿದ್ದಾನೆ. ಮಳೆಯ ಗೆರೆಗಳನ್ನು ಬ್ರಶ್‌ನಲ್ಲಿ ದಪ್ಪಗೆ ಎಳೆದೆ, ಕಪ್ಪೆಯ ಬಾಯನ್ನು ಸಣ್ಣ ನಿಬ್ಬಿನಲ್ಲಿ. ಕಣ್ಣು ಮೊದಲು ಮಳೆಗೆ ಹೋಗಲಿ ಅಂತ. ಮಳೆಗಾಲದ ಚಿತ್ರ ಅಂತ ಪಾಸಾಯಿತು. ಮಾರನೇ ದಿನ ಹೋಟೆಲಿನಲ್ಲಿ ಗುರುತಿಲ್ಲದ ಒಬ್ಬರು ಅದನ್ನು ತುಂಬ ಹೊತ್ತು ನೋಡಿ, ಪುಟ ಹರಿದು, ಮಡಚಿ ಜೇಬಿಗೆ ಇಟ್ಟುಕೊಂಡರು. ನಾನು ಮಾತಾಡಿಸಲಿಲ್ಲ. ಆ ಕ್ಷಣ ಎದೆ ತುಂಬಿ ಬಂದಿತ್ತು.

ಆಗಸ್ಟ್ ಕೊನೆಗೆ ದೆಹಲಿಯ ಕಾರ್ಟೂನ್ ವಾರಪತ್ರಿಕೆ ಶಂಕರ್ಸ್ ವೀಕ್ಲಿ ನಿಂತೇ ಹೋಯಿತು. ಡಿಸೆಂಬರ್‌ನಲ್ಲಿ ಕಾರ್ಟೂನಿಸ್ಟ್ ಅಬು ಅಬ್ರಹಾಂ ತಮ್ಮ ಚಿತ್ರದಲ್ಲಿ ರಾಷ್ಟ್ರಪತಿಯನ್ನು ಸ್ನಾನದ ತೊಟ್ಟಿಯಲ್ಲಿ ಕೂರಿಸಿ ಸುಗ್ರೀವಾಜ್ಞೆಗೆ ಸಹಿ ಹಾಕಿಸಿದರು, ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಅಚ್ಚೂ ಆಯಿತು. ಮುಖವೂ ಇತ್ತು, ಮಾತೂ ಇತ್ತು. ಅಷ್ಟು ಧೈರ್ಯ ನನಗೆ ಇರಲಿಲ್ಲ.

ಇದ್ದಿದ್ದರೆ ಸ್ನೇಹಲತಾ ರೆಡ್ಡಿಯವರ ಬಗ್ಗೆ ಬರೆಯುತ್ತಿದ್ದೆ ಅಲ್ವಾ. ರಂಗಭೂಮಿಯ ಹೆಣ್ಣುಮಗಳು, ಆಸ್ತಮಾ ಬೇರೆ, ಅವರನ್ನು 1976ರಲ್ಲಿ ಹಿಡಿದು ನಮ್ಮೂರಿನ ಜೈಲಿನಲ್ಲೇ ತಿಂಗಳುಗಟ್ಟಲೆ ಇಟ್ಟರು. ಒಂದು ರಾತ್ರಿ ಕೂತು ಬರೆದೆ: ಖಾಲಿ ರಂಗಮಂಚ, ಇಳಿಬಿದ್ದ ಪರದೆ, ಪರದೆಯ ಮಡಿಕೆಗಳೇ ಜೈಲಿನ ಸರಳು. ಮುಖ ಇಲ್ಲ, ಮಾತಿಲ್ಲ. ಪಾಸಾಗುತ್ತಿತ್ತೇನೋ. ನಾಳೆ ಒಯ್ಯೋಣ, ನಾಡಿದ್ದು ಒಯ್ಯೋಣ ಅಂತ ಡ್ರಾಯರ್‌ನಲ್ಲೇ ಇಟ್ಟೆ. 1977ರ ಜನವರಿ 15ಕ್ಕೆ ಪೆರೋಲ್ ಮೇಲೆ ಹೊರಬಂದ ಅವರು 20ಕ್ಕೆ ತೀರಿಕೊಂಡರು.

ಬ್ಲಾಕ್ ಆಗದ ಆ ಹಾಳೆ ಈಗಲೂ ನನ್ನ ಹತ್ತಿರ ಇದೆ.