ಸುರತ್ಕಲ್‌ನಲ್ಲಿ ಬಾಡಿಗೆ ಮನೆ: ಮೇ ಮತ್ತು ಜುಲೈ ತಿಂಗಳ ಲೆಕ್ಕ ಹಾಕಿ ನೋಡಿ

ಸುರತ್ಕಲ್ ಕಡೆ ಮನೆ ನೋಡುವವರು ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲಿ ಬರುತ್ತಾರೆ. ಆಗ ಗಾಳಿ ಚಂದ, ಬಾವಿ ತುಂಬ ನೀರು, ಗೋಡೆಗೆ ಹೊಸ ಬಣ್ಣ. ಆ ಮನೆಯ ನಿಜವಾದ ಖರ್ಚು ಗೊತ್ತಾಗುವುದು ಮೇ ಮತ್ತು ಜುಲೈಯಲ್ಲಿ. ಆಫೀಸಿನ ಅಕೌಂಟ್ಸ್ ನೋಡಿಕೊಳ್ಳುವ ನನ್ನ ಹತ್ತಿರ ಹೊಸಬರು ಇದನ್ನೇ ಕೇಳುತ್ತಾರೆ. ಹಾವೇರಿಯಿಂದ ಬಂದ ಹುಡುಗನೊಬ್ಬನಿಗೆ ಹಾಕಿಕೊಟ್ಟ ಲೆಕ್ಕ ಇಲ್ಲಿದೆ.

ಪಿಎಫ್ ಎಲ್ಲ ಕಳೆದು ಅವನ ಕೈಗೆ ಬರುವುದು 34,000. ಊರಿಗೆ 6,000, ಸ್ಕೂಟರ್ ಕಂತು 4,500, ಎಲ್‌ಐಸಿ 1,500. ಇವು ತಪ್ಪುವಂಥವಲ್ಲ, ಉಳಿದದ್ದು 22,000. ಊಟ, ಗ್ಯಾಸ್, ಹಾಲಿಗೆ 8,000. ಆಫೀಸ್ ಮಂಗಳೂರಿನ ಹಂಪನಕಟ್ಟೆಯಲ್ಲಿ, ಹೋಗಿಬರಲು ಸುಮಾರು 35 ಕಿ.ಮೀ.; ಲೀಟರಿಗೆ 45 ಕಿ.ಮೀ. ಹಿಡಿದರೂ ತಿಂಗಳಿಗೆ ಪೆಟ್ರೋಲಿಗೇ 2,000. ಮೊಬೈಲ್, ಮದ್ದು, ಕೈಖರ್ಚಿಗೆ ಇನ್ನೊಂದು 2,000. ಗಾಡಿಯ ಇನ್ಶೂರೆನ್ಸ್, ಹಬ್ಬದ ಬಟ್ಟೆ, ಊರಿಗೆ ಹೋಗುವ ಟಿಕೆಟ್ ವರ್ಷದಲ್ಲಿ ಒಮ್ಮೊಮ್ಮೆ ಬರುವ ಖರ್ಚು, ಅದಕ್ಕೆ ತಿಂಗಳಿಗೆ 1,500 ತೆಗೆದಿಡಬೇಕು. ಆಪತ್ತಿಗೆ ಇನ್ನೊಂದು 1,500. ಕೊನೆಗೆ ಉಳಿದದ್ದು 7,000. ಬಾಡಿಗೆ, ಮೈಂಟೆನೆನ್ಸ್, ಕರೆಂಟ್, ನೀರು ಎಲ್ಲವೂ ಇದರೊಳಗೇ ಆಗಬೇಕು.

ಅವನಿಗೆ ಹಿಡಿಸಿದ ಮನೆಗೆ ಬಾಡಿಗೆ 9,000, ಮೈಂಟೆನೆನ್ಸ್ 800.

ಈಗ ಮೇ ತಿಂಗಳ ಲೆಕ್ಕ. ಕಡಲಿಗೆ ತೀರಾ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ನೀರು ಉಪ್ಪಾಗುವುದುಂಟು. ಓನರನ್ನು ಕೇಳಿದರೆ "ನೀರಿಗೆ ತೊಂದರೆ ಇಲ್ಲ" ಅಂತಾರೆ. ಪಕ್ಕದ ಮನೆಯವರನ್ನು ಕೇಳಿ: "ಮೇಯಲ್ಲಿ ಟ್ಯಾಂಕರ್ ತರಿಸ್ತೀರಾ? ದುಡ್ಡು ಯಾರು ಕೊಡೋದು?" ಸೆಕೆಗೆ ಫ್ಯಾನ್ ರಾತ್ರಿ ಹಗಲು ತಿರುಗುತ್ತದೆ. ಗೃಹಜ್ಯೋತಿ ಬಾಡಿಗೆದಾರರಿಗೂ ಉಂಟು, ಆದರೆ ಹಿಂದಿನವರ ಆಧಾರ್ ಆ ಮೀಟರಿನಿಂದ ಬಿಡಿಸಿ ನಿಮ್ಮದನ್ನು ಜೋಡಿಸಬೇಕು. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದೇ. ಎಸಿ ಹಾಕುವ ಆಸೆ ಇದ್ದವರು ಇದನ್ನು ಮರೆಯಬೇಡಿ.

ಜುಲೈಯಲ್ಲಿ ಪಶ್ಚಿಮದ ಗೋಡೆಗೆ ಮಳೆ ನೇರ ಹೊಡೆಯುತ್ತದೆ. ಆ ಗೋಡೆಗೆ ಬೀರು ಆನಿಸಿಟ್ಟರೆ ಬಟ್ಟೆಗೆ ಬೂಷ್ಟು ಹಿಡಿಯುವುದು ಖಂಡಿತ. ಮನೆ ನೋಡುವಾಗ ಆ ಗೋಡೆಯ ಬುಡವನ್ನು ಉಗುರಿನಿಂದ ಕೆರೆದು ನೋಡಿ. ಬಣ್ಣ ಹಪ್ಪಳದ ಹಾಗೆ ಎದ್ದು ಬಂದರೆ ಒಳಗೆ ತೇವ ಉಂಟು. ಕಿಟಕಿಯ ಸರಳು, ಗೇಟಿನ ಬಿಜಾಗರಿ ತುಕ್ಕು ಹಿಡಿದಿದ್ದರೆ ನಿಮ್ಮ ಸ್ಕೂಟರ್, ಫ್ರಿಜ್‌ಗಳಿಗೂ ಉಪ್ಪುಗಾಳಿ ತಾಗುತ್ತದೆ. ರಿಪೇರಿಗೆ ಅಂತ ಸ್ವಲ್ಪ ದುಡ್ಡು ಬೇರೆಯೇ ಇಡಿ.

ಮನೆಗೆ ಹೊಕ್ಕುವ ದಿನದ ದುಡ್ಡು ಇನ್ನೊಂದು ಲೆಕ್ಕ. ಅಡ್ವಾನ್ಸ್ ಐದು ತಿಂಗಳದ್ದು ಕೇಳಿದ್ದರು, 45,000. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, ಮೊದಲ ತಿಂಗಳ ಬಾಡಿಗೆ ಸೇರಿ 63,000. ಇದಕ್ಕೆ ಕೈಸಾಲ ಮಾಡಬೇಕಾಗಿ ಬಂದರೆ ಆ ಮನೆಯನ್ನು ಬಿಟ್ಟುಬಿಡಿ ಎಂದೇ ನಾನು ಹೇಳುವುದು, ಸಾಲದ ಕಂತು ಆ 7,000ದಲ್ಲೇ ಕೈ ಹಾಕುತ್ತದೆ.

ಹುಡುಗನಿಗೆ ಎರಡು ದಾರಿ ತೋರಿಸಿದೆ. ಹೆದ್ದಾರಿಯ ಪೂರ್ವಕ್ಕೆ ಕೃಷ್ಣಾಪುರ, ಕಾಟಿಪಳ್ಳದ ಕಡೆ ಕಡಿಮೆ ಬಾಡಿಗೆಯ ಮನೆ ವಿಚಾರಿಸುವುದು. ಇಲ್ಲವೇ ಅದೇ ಮನೆಗೆ ಇನ್ನೊಬ್ಬನನ್ನು ಸೇರಿಸಿಕೊಳ್ಳುವುದು, ಆಗ ಬಾಡಿಗೆ, ಮೈಂಟೆನೆನ್ಸ್ ಸೇರಿ ಅವನ ಪಾಲಿಗೆ 4,900. ಅವನು ಎರಡನೆಯದಕ್ಕೆ ಒಪ್ಪಿದ. 11 ತಿಂಗಳ ಅಗ್ರಿಮೆಂಟಿನಲ್ಲಿ ಮೂರು ಸಂಗತಿ ಬರೆಸಿಕೊಂಡೆವು: ಇಬ್ಬರ ಹೆಸರು, ರಿನೀವಲ್‌ಗೆ ಬಾಡಿಗೆ ಎಷ್ಟು ಏರುತ್ತದೆ, ಬಿಡುವಾಗ ಪೈಂಟಿಂಗಿಗೆ ಎಷ್ಟು ಹಿಡಿಯುತ್ತಾರೆ.