ಹೊಸ ಸೈಕಲ್ ಮನೆಗೆ ಬಂದ ಮೇಲೆ: ಜೋಡಣೆ ಮೊದಲು, ಅಲಂಕಾರ ಆಮೇಲೆ

ಪೆಟ್ಟಿಗೆಯಲ್ಲಿ ಬರುವ ಹೊಸ ಸೈಕಲ್ ಅರ್ಧ ಸಿದ್ಧವಾಗಿರುತ್ತದೆ. ಹಿಂದಿನ ಚಕ್ರ, ಚೈನ್, ಗೇರುಗಳನ್ನು ಸಾಮಾನ್ಯವಾಗಿ ಕಾರ್ಖಾನೆಯಲ್ಲೇ ಕೂಡಿಸಿರುತ್ತಾರೆ. ಹ್ಯಾಂಡಲ್, ಮುಂದಿನ ಚಕ್ರ, ಸೀಟು, ಪೆಡಲ್ ಜೋಡಿಸುವ ಕೆಲಸ ಕೊಂಡವರ ಪಾಲಿಗೆ ಉಳಿದಿರುತ್ತದೆ. ಅಂಗಡಿಯವರೇ ಜೋಡಿಸಿ ಕೊಟ್ಟರೂ ಅದು ನಿಮ್ಮ ಮೈಕಟ್ಟಿಗೆ ಹೊಂದಿಕೊಂಡಿರುತ್ತದೆ ಎಂದು ಹೇಳಲಾಗದು. ಕಾಲಿನ ಉದ್ದ, ಕೈ ಚಾಚುವ ದೂರ, ಬೆನ್ನು ಬಾಗುವ ಪ್ರಮಾಣ ಒಬ್ಬೊಬ್ಬರದೂ ಬೇರೆ. ಬೆಲ್ಲು, ದೀಪ, ಬಣ್ಣದ ಗ್ರಿಪ್ಪುಗಳ ಆಸೆಯನ್ನು ಸ್ವಲ್ಪ ತಡೆದು, ಮೊದಲು ಜೋಡಣೆಯನ್ನೂ ಆಮೇಲೆ ದೇಹಕ್ಕೆ ಹೊಂದಿಸುವ ಕೆಲಸವನ್ನೂ ಮುಗಿಸಿಕೊಳ್ಳಿ.

4, 5 ಮತ್ತು 6 ಮಿಲಿಮೀಟರ್‌ನ ಅಲೆನ್ ಕೀಗಳು, ಪೆಡಲ್‌ಗೆ 15 ಮಿಲಿಮೀಟರ್‌ನ ಸ್ಪ್ಯಾನರ್, ಒತ್ತಡ ತೋರಿಸುವ ಪಂಪ್, ಸ್ವಲ್ಪ ಗ್ರೀಸ್ ಮತ್ತು ಒಂದು ಹಳೆಯ ಬಟ್ಟೆ ಇದ್ದರೆ ಬಹುಪಾಲು ಕೆಲಸ ಸಾಗುತ್ತದೆ. ಕೆಲವು ಬೋಲ್ಟ್‌ಗಳ ಪಕ್ಕದಲ್ಲಿ ಎಷ್ಟು ನ್ಯೂಟನ್ ಮೀಟರ್ ಬಿಗಿಯಬೇಕೆಂಬ ಅಂಕಿಯನ್ನು ಅಚ್ಚು ಹಾಕಿರುತ್ತಾರೆ. ಅದನ್ನು ಮೀರಬೇಡಿ. ಕಾರ್ಬನ್ ಭಾಗಗಳಿದ್ದರೆ ಬಿಗಿತ ಅಳೆಯುವ ಟಾರ್ಕ್ ರೆಂಚ್ ಇಲ್ಲದೆ ಕೈ ಹಾಕುವುದು ತರವಲ್ಲ.

ಪೆಟ್ಟಿಗೆ ಬಿಚ್ಚಿದ ಕೂಡಲೇ ಫೋರ್ಕನ್ನು, ಅಂದರೆ ಮುಂದಿನ ಚಕ್ರವನ್ನು ಹಿಡಿಯುವ ಕವಲನ್ನು ನೋಡಿ. ಸಾಗಣೆಯ ಅನುಕೂಲಕ್ಕೆ ಅದನ್ನು ಹಿಂದುಮುಂದಾಗಿ ತಿರುಗಿಸಿಟ್ಟಿರುವುದುಂಟು. ಫೋರ್ಕಿನ ತುದಿಗಳು ಮುಂದಕ್ಕೆ ಚಾಚಿರಬೇಕು. ಡಿಸ್ಕ್ ಬ್ರೇಕ್ ಇದ್ದರೆ ಅದರ ತಟ್ಟೆಯನ್ನು ಅಮುಕಿ ಹಿಡಿಯುವ ಭಾಗ (ಕ್ಯಾಲಿಪರ್) ಸವಾರನ ಎಡಗಡೆಗೆ ಬರುತ್ತದೆ. ಇದನ್ನು ಗಮನಿಸದೆ ಚಕ್ರ ಹಾಕಿದರೆ ಸೈಕಲ್ ಮೇಲುನೋಟಕ್ಕೆ ಸರಿಯಾಗಿಯೇ ಕಾಣುತ್ತದೆ, ಓಡಿಸುವಾಗ ಮಾತ್ರ ಹಿಡಿತಕ್ಕೆ ಸಿಗುವುದಿಲ್ಲ.

ಹ್ಯಾಂಡಲನ್ನು ಹಿಡಿದಿಡುವ ಸ್ಟೆಮ್‌ಗೆ ಮೇಲೆ ಒಂದು, ಪಕ್ಕದಲ್ಲಿ ಎರಡು ಬೋಲ್ಟ್‌ಗಳಿದ್ದರೆ ಬಿಗಿಯುವ ಕ್ರಮ ಮುಖ್ಯವಾಗುತ್ತದೆ. ಪಕ್ಕದವನ್ನು ಸಡಿಲವಾಗಿಟ್ಟು, ಹ್ಯಾಂಡಲನ್ನು ಚಕ್ರಕ್ಕೆ ನೇರ ಮಾಡಿ, ಮೇಲಿನ ಬೋಲ್ಟನ್ನು ಮೆಲ್ಲಗೆ ತಿರುಗಿಸಿ. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲುಗಿಸಿದಾಗ ಕತ್ತಿನ ಭಾಗದಲ್ಲಿ ಟಕ್ ಎಂಬ ಅಲುಗಾಟ ಇರಬಾರದು. ಅಲುಗಾಟ ಹೋದರೂ ಹ್ಯಾಂಡಲ್ ಹಗುರವಾಗಿ ತಿರುಗುತ್ತಿರಬೇಕು. ಆ ಹದ ಸಿಕ್ಕ ಮೇಲೆ ಪಕ್ಕದ ಬೋಲ್ಟ್‌ಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಮುಂದಿನ ಚಕ್ರವನ್ನು ಫೋರ್ಕಿನ ಬಾಯಿಯಲ್ಲಿ ಪೂರ್ತಿ ಒಳಕ್ಕೆ ಕೂರಿಸಿ. ಟಯರ್ ಪಕ್ಕದಲ್ಲಿ ಬಾಣದ ಗುರುತಿದ್ದರೆ ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗೆ ಅದು ಹೊಂದಬೇಕು. ಸ್ಪ್ಯಾನರ್ ಇಲ್ಲದೆ ಚಕ್ರ ಬಿಚ್ಚಲು ಬಳಸುವ ಕ್ವಿಕ್ ರಿಲೀಸ್ ಲಿವರ್ ಇದ್ದರೆ ಅದನ್ನು ನಟ್‌ನಂತೆ ಸುತ್ತಿಸಿ ಬಿಗಿಯುವಂತಿಲ್ಲ, ಮಡಚಿ ಮುಚ್ಚಬೇಕು. ಅರ್ಧ ಮಡಚಿದಾಗ, ಅಂದರೆ ಚಕ್ರಕ್ಕೆ ಲಂಬವಾಗಿ ನಿಂತಾಗ ಬಿಗಿ ಹಿಡಿಯತೊಡಗಿ, ಪೂರ್ತಿ ಮುಚ್ಚಿದಾಗ ಅಂಗೈ ಮೇಲೆ ಅಚ್ಚು ಮೂಡುವಷ್ಟು ಬಲ ಬೇಡಿದರೆ ಸರಿ.

ಪೆಡಲ್ ಹಾಕುವಾಗ ಅವಸರ ಬೇಡ. ಎರಡೂ ಒಂದೇ ರೀತಿ ಕಂಡರೂ ಅದಲುಬದಲು ಮಾಡುವಂತಿಲ್ಲ. ಪೆಡಲಿನ ತಿರುಪು ಕಡ್ಡಿಯ ತುದಿಯಲ್ಲಿ ‘ಎಲ್’ ಎಂದಿದ್ದರೆ ಎಡ, ‘ಆರ್’ ಎಂದಿದ್ದರೆ ಬಲ. ಬಲದ್ದು ಎಲ್ಲ ತಿರುಪುಗಳಂತೆ ಪ್ರದಕ್ಷಿಣವಾಗಿ ಬಿಗಿಯಾಗುತ್ತದೆ, ಎಡದ್ದು ಅಪ್ರದಕ್ಷಿಣವಾಗಿ. ತುಳಿಯುವಾಗ ಕಾಲಿನ ಭಾರದಿಂದ ಹುಟ್ಟುವ ಬಲ ಪೆಡಲನ್ನು ನಿಧಾನವಾಗಿ ತಿರುಗಿಸಲು ನೋಡುತ್ತದೆ. ಎಡಗಡೆಗೂ ಮಾಮೂಲಿ ತಿರುಪೇ ಇದ್ದಿದ್ದರೆ ಅದು ಓಡುತ್ತಾ ಓಡುತ್ತಾ ತಾನಾಗಿ ಕಳಚಿಕೊಳ್ಳುತ್ತಿತ್ತು. ತಿರುಪಿಗೆ ಗ್ರೀಸ್ ಸವರಿ, ಮೊದಲ ಕೆಲವು ಸುತ್ತುಗಳನ್ನು ಬೆರಳಿನಲ್ಲೇ ಹಾಕಿ. ಬೆರಳಿಗೆ ಸುಲಭವಾಗಿ ಒಗ್ಗದಿದ್ದರೆ ಓರೆಯಾಗಿ ಸೇರುತ್ತಿದೆ ಎಂದರ್ಥ. ಹಿಂತೆಗೆದು ಮತ್ತೆ ಶುರು ಮಾಡಿ. ಆ ಹಂತದಲ್ಲಿ ಸ್ಪ್ಯಾನರ್ ಹಿಡಿದು ಬಲ ಹಾಕಿದರೆ ಕ್ರ್ಯಾಂಕಿನ, ಅಂದರೆ ಪೆಡಲ್ ಕೂರುವ ತೋಳಿನ, ತಿರುಪು ಹಾಳಾಗಿ, ಇಡೀ ಕ್ರ್ಯಾಂಕನ್ನೇ ಬದಲಿಸಬೇಕಾಗಿ ಬರಬಹುದು.

ಈಗ ಸೀಟು. ಸವಾರಿಯ ಸುಖ ಮತ್ತು ಮೊಣಕಾಲಿನ ಆರೋಗ್ಯ ಎರಡೂ ಇಲ್ಲಿ ನಿರ್ಧಾರವಾಗುತ್ತವೆ. ಗೋಡೆಗೆ ಒರಗಿ ಸೀಟಿನ ಮೇಲೆ ಕುಳಿತು, ಒಂದು ಪೆಡಲನ್ನು ತೀರಾ ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾಗಿ ಚಾಚಿಕೊಳ್ಳಬೇಕು, ಸೊಂಟ ಒಂದು ಪಕ್ಕಕ್ಕೆ ವಾಲಬಾರದು. ನಂತರ ಬೆರಳುಗಳ ಬುಡದ ದಪ್ಪ ಭಾಗವನ್ನು ಪೆಡಲ್ ಮೇಲಿಟ್ಟರೆ ಮೊಣಕಾಲು ಸಣ್ಣಗೆ ಬಾಗುತ್ತದೆ. ಆ ಬಾಗು ಸುಮಾರು 25ರಿಂದ 35 ಡಿಗ್ರಿ ಇದ್ದರೆ ಚೆನ್ನ. ಕುಳಿತಲ್ಲಿಂದಲೇ ಎರಡೂ ಪಾದ ನೆಲಕ್ಕೆ ಊರಬೇಕೆಂದು ಸೀಟನ್ನು ತಗ್ಗಿಸುವವರು ಬಹಳ. ಹೊಸದಾಗಿ ಕಲಿಯುವವರಿಗೆ ಅದು ಸರಿ. ದಿನವೂ ಓಡಿಸುವವರ ಮೊಣಕಾಲಿಗೆ ಅದು ಶಿಕ್ಷೆ. ಸೀಟಿನ ಕಂಬದ ಮೇಲೆ ಕನಿಷ್ಠ ಆಳದ ಗೆರೆ ಇರುತ್ತದೆ. ಅದು ಹೊರಗೆ ಕಾಣುವಷ್ಟು ಕಂಬವನ್ನು ಎತ್ತಬೇಕಾಗಿ ಬಂದರೆ ಉದ್ದನೆಯ ಕಂಬ ತರಬೇಕು, ಇಲ್ಲವೇ ಫ್ರೇಮ್ ನಿಮಗೆ ಚಿಕ್ಕದಾಯಿತು.

ಸೀಟಿನ ಮೇಲ್ಮೈ ನೆಲಕ್ಕೆ ಸಮನಾಗಿರಲಿ. ಮೂತಿ ಕೆಳಗಾದರೆ ಮೈ ಮುಂದಕ್ಕೆ ಜಾರಿ ಅಂಗೈಗಳ ಮೇಲೆ ಭಾರ ಬೀಳುತ್ತದೆ, ಮೇಲಾದರೆ ಒತ್ತಬಾರದ ಕಡೆ ಒತ್ತುತ್ತದೆ. ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು. ಬ್ರೇಕ್ ಲಿವರ್‌ಗಳನ್ನು ಮುಂದೋಳಿನ ನೇರಕ್ಕೆ ಬರುವಂತೆ ತಿರುಗಿಸಿದರೆ ಮಣಿಕಟ್ಟು ಮುರಿದಂತೆ ಬಾಗುವುದು ತಪ್ಪುತ್ತದೆ. ಎರಡು ನಿಮಿಷದ ಈ ಕೆಲಸವನ್ನು ಹೆಚ್ಚಿನವರು ಮಾಡುವುದೇ ಇಲ್ಲ.

ಬ್ರೇಕ್ ನೋಡದೆ ಸೈಕಲ್ ಹೊರಗೆ ಹೋಗಕೂಡದು. ರಿಮ್ ಬ್ರೇಕಿನ ರಬ್ಬರ್ ರಿಮ್ಮಿಗೆ ಮಾತ್ರ ತಾಗಬೇಕು. ಟಯರ್‌ಗೆ ಉಜ್ಜಿದರೆ ಅದನ್ನು ಸವೆಸಿ ತೂತು ಮಾಡುತ್ತದೆ. ಲಿವರ್ ಪೂರ್ತಿ ಒತ್ತಿದರೂ ಹಿಡಿಕೆಗೆ ತಾಕಬಾರದು. ಡಿಸ್ಕ್ ಬ್ರೇಕ್ ಆದರೆ ತಟ್ಟೆಯನ್ನು ಗ್ರೀಸ್ ಕೈಯಲ್ಲಿ ಮುಟ್ಟಬೇಡಿ. ಹೈಡ್ರಾಲಿಕ್ ಆಗಿದ್ದರೆ ಚಕ್ರ ಹಾಕುವ ಮುನ್ನ ಲಿವರ್ ಒತ್ತಬೇಡಿ, ಪ್ಯಾಡ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೊಸ ಪ್ಯಾಡ್‌ಗಳ ಹಿಡಿತ ಮೊದಲಿಗೆ ಕಡಿಮೆ. ಖಾಲಿ ಜಾಗದಲ್ಲಿ ಸ್ವಲ್ಪ ವೇಗ ಪಡೆದು ನಿಧಾನಿಸುವುದನ್ನು ಹತ್ತಿಪ್ಪತ್ತು ಸಲ ಮಾಡಿದರೆ ಅವು ಪಳಗುತ್ತವೆ.

ಚೈನ್ ದೊಡ್ಡ ಹಲ್ಲುಚಕ್ರಕ್ಕೆ ಹತ್ತಲು ತಡವರಿಸಿದರೆ, ಹಿಂದಿನ ಡಿರೇಲರ್‌ಗೆ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗಕ್ಕೆ) ಕೇಬಲ್ ಸೇರುವಲ್ಲಿರುವ ಗುಂಡು ತಿರುಪನ್ನು ಹಿಂದಿನಿಂದ ನೋಡುತ್ತಾ ಅಪ್ರದಕ್ಷಿಣವಾಗಿ ಕಾಲು ಸುತ್ತು ತಿರುಗಿಸಿ. ಇಳಿಯಲು ತಡವರಿಸಿದರೆ ಅದರ ವಿರುದ್ಧ ದಿಕ್ಕಿಗೆ. ‘ಎಚ್’ ಮತ್ತು ‘ಎಲ್’ ಎಂದು ಬರೆದ ಸಣ್ಣ ತಿರುಪುಗಳು ಚೈನ್ ಎರಡೂ ಬದಿಯಲ್ಲಿ ಎಲ್ಲಿಯವರೆಗೆ ಹೋಗಬಹುದೆಂಬ ಎಲ್ಲೆಯನ್ನು ಕಾಯುತ್ತವೆ. ಚೈನ್ ಚಕ್ರದ ಕಡ್ಡಿಗಳ ಕಡೆಗೋ ಫ್ರೇಮಿನ ಕಡೆಗೋ ಬೀಳುತ್ತಿಲ್ಲವಾದರೆ ಅವುಗಳ ಗೊಡವೆ ಬೇಡ. ಗಾಳಿಯನ್ನು ಟಯರ್ ಪಕ್ಕದಲ್ಲಿ ಬರೆದ ಮಿತಿಯೊಳಗೆ ತುಂಬಿಸಿ. ಅಗಲದ ಟಯರ್‌ಗೆ ಕಡಿಮೆ ಸಾಕು.

ಇಷ್ಟಾದ ಮೇಲೆ ಮನಸ್ಸಿಗೆ ಬಂದದ್ದನ್ನು ಸೇರಿಸಬಹುದು. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಮತ್ತು ಹೆಬ್ಬೆರಳಿಗೆ ಎಟಕುವ ಬೆಲ್ಲು ನನ್ನ ಲೆಕ್ಕದಲ್ಲಿ ಅಲಂಕಾರವಲ್ಲ, ಅಗತ್ಯ. ಮಡ್‌ಗಾರ್ಡ್, ಕ್ಯಾರಿಯರ್ ಕೊಳ್ಳುವ ಮುನ್ನ ಫ್ರೇಮಿನಲ್ಲಿ ಅವಕ್ಕೆ ಬೋಲ್ಟ್ ತೂತುಗಳಿವೆಯೇ ನೋಡಿ. ಕೇಬಲ್‌ಗಳು ಫ್ರೇಮಿಗೆ ಉಜ್ಜುವ ಕಡೆ ಪಾರದರ್ಶಕ ಟೇಪ್ ತುಂಡು ಅಂಟಿಸಿದರೆ ಬಣ್ಣ ಉಳಿಯುತ್ತದೆ. ಸೀಟು ಬದಲಿಸುವ ನಿರ್ಧಾರವನ್ನು ಮಾತ್ರ ಕೆಲವು ವಾರ ಮುಂದೂಡಿ. ಹೊಸಬರಿಗೆ ಯಾವ ಸೀಟಾದರೂ ಮೊದಲು ನೋಯುತ್ತದೆ. ಮೆತ್ತನೆಯ ದಪ್ಪ ಸೀಟು ಅಂಗಡಿಯಲ್ಲಿ ಹಿತವೆನಿಸಿದರೂ ದೂರದ ಸವಾರಿಯಲ್ಲಿ ಕುಸಿದು ಇನ್ನಷ್ಟು ಒತ್ತುತ್ತದೆ.

ಮೊದಲ ಕೆಲವು ವಾರಗಳಲ್ಲಿ ಕೇಬಲ್‌ಗಳು ಸಡಿಲಗೊಳ್ಳುವುದು, ಬ್ರೇಕ್ ಲಿವರ್ ಮೊದಲಿಗಿಂತ ಹೆಚ್ಚು ಒಳಕ್ಕೆ ಬರುವುದು ಸಹಜ. ಆಯಾ ಕೇಬಲ್‌ನ ಗುಂಡು ತಿರುಪಿನಲ್ಲೇ ಅದನ್ನು ಸರಿಪಡಿಸಿ. ಸ್ಟೆಮ್, ಸೀಟು, ಪೆಡಲ್, ಕ್ರ್ಯಾಂಕಿನ ಬೋಲ್ಟ್‌ಗಳನ್ನು ಇನ್ನೊಮ್ಮೆ ಪರೀಕ್ಷಿಸಿ. ಚಕ್ರ ತಿರುಗಿಸಿದಾಗ ರಿಮ್ ಅಡ್ಡಡ್ಡ ಓಲಾಡುತ್ತಿದ್ದರೆ ಕಡ್ಡಿಗಳ ಬಿಗಿತ ಏರುಪೇರಾಗಿದೆ. ಆ ಕೆಲಸವನ್ನು ಅನುಭವಿ ಮೆಕ್ಯಾನಿಕ್‌ಗೆ ಬಿಡಿ. ಹಾಗೆಯೇ ಕ್ರ್ಯಾಂಕಿನ ಕೆಳಗೆ ಫ್ರೇಮಿನ ಮೇಲೆ ಕೊರೆದಿರುವ ಸಂಖ್ಯೆಯ ಚಿತ್ರ ತೆಗೆದು, ಕೊಂಡ ರಸೀದಿಯ ಜೊತೆ ಇಟ್ಟುಕೊಳ್ಳಿ. ಸೈಕಲ್ ಕಳುವಾದರೆ ಅದು ನಿಮ್ಮದೇ ಎಂದು ತೋರಿಸಲು ಬೇಕಾಗುವುದು ಇವೆರಡೇ.