ತೋಟದಲ್ಲಿ ಮೂಳೆ ಸಿಕ್ಕರೆ ಹೇಗೆ ನೋಡಬೇಕು

ಮೂಡಿಗೆರೆ ಸುತ್ತಮುತ್ತ 28 ವರ್ಷ ದನದ ಡಾಕ್ಟರಾಗಿದ್ದೆ. ಕಾಫಿ ಗುಂಡಿ ತೆಗೆಯುವಾಗ ಮೂಳೆ ಸಿಕ್ಕರೆ ತೋಟದ ಲೆಕ್ಕ, ಆಳು ನೋಡಿಕೊಳ್ಳುವ ರೈಟರುಗಳು ಈಗಲೂ ನನಗೇ ಫೋನ್ ಮಾಡುತ್ತಾರೆ. "ಸಾರ್, ಇದು ಮನುಷ್ಯರದ್ದಾ?"

ಹೋಗುವಷ್ಟರಲ್ಲಿ ಯಾರೋ ಅದನ್ನು ತೊಳೆದು ಗೋಣಿಚೀಲದ ಮೇಲೆ ಜೋಡಿಸಿರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಷ್ಟು ಆಳದಲ್ಲಿತ್ತು, ಪಕ್ಕದಲ್ಲಿ ಏನಿತ್ತು ಅನ್ನುವುದೇ ಅರ್ಧ ಉತ್ತರ. ಗುದ್ದಲಿ ನಿಲ್ಲಿಸಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಮನುಷ್ಯರದ್ದು ಅನ್ನುವ ಸಂಶಯ ಬಂದರೂ ಸಾಕು, 112ಕ್ಕೆ ಫೋನ್ ಮಾಡಿ.

ಉದ್ದ ನೋಡಿ ಮೋಸ ಹೋಗುವವರೇ ಜಾಸ್ತಿ. ತುದಿ ನೋಡಿ. ದನ, ಜಿಂಕೆ, ಕುರಿಗೆ ಗೊರಸಿನ ಮೇಲೆ ಎರಡು ಮೂಳೆ ಬೆಸೆದು ಒಂದಾಗಿರುತ್ತದೆ. ಕೆಳತುದಿಯಲ್ಲಿ ಬಾವಿಯ ರಾಟೆಯಂಥ ಎರಡು ಗುಂಡು. ಇಂಥದ್ದು ನಮ್ಮ ಮೈಯಲ್ಲಿ ಎಲ್ಲೂ ಇಲ್ಲ. ನಾವು ನೆಟ್ಟಗೆ ನಡೆಯುವವರು, ಅಲ್ವಾ? ಅದಕ್ಕೇ ನಮ್ಮ ತೊಡೆಮೂಳೆ ಮೊಣಕಾಲಿನ ಕಡೆಗೆ ಓರೆಯಾಗಿ ಇಳಿಯುತ್ತದೆ, ಹಿಂಬದಿಯಲ್ಲಿ ಉದ್ದಕ್ಕೆ ಉಬ್ಬಿದ ಗೆರೆ ಇರುತ್ತದೆ. ಬೆನ್ನುಹುರಿ ಇಳಿಯುವ ತೂತು ನಮ್ಮ ತಲೆಬುರುಡೆಯ ಅಡಿಯಲ್ಲಿದೆ. ದನ, ನಾಯಿಗೆ ಅದು ಹಿಂದಕ್ಕಿದೆ. ಕರಡಿಯ ಪಾದ ಮಾತ್ರ ಕಷ್ಟ. ಉಗುರು ಹೋಗಿದ್ದರೆ ಮನುಷ್ಯರ ಕೈಯಂತೆಯೇ ಕಾಣುತ್ತದೆ.

ಮೂಳೆಯ ಮೇಲೆ ಗೀರು ಕಂಡರೆ ಸುಮ್ನೆ ಕತ್ತಿ ಏಟು ಅನ್ನಬೇಡಿ. ಮುಳ್ಳುಹಂದಿ ಮೂಳೆಗಳನ್ನು ಬಿಲಕ್ಕೆ ಎಳೆದುಕೊಂಡು ಹೋಗಿ ಕಡಿಯುತ್ತದೆ. ಅದರ ಹಲ್ಲಿನ ಗುರುತು ಅಗಲ, ಸಾಲಾಗಿ ಒತ್ತೊತ್ತಾಗಿರುತ್ತದೆ. ಕತ್ತಿಯ ಗೀರು ಸಣ್ಣದು, ಚೂಪು.

ನಮ್ಮದು ಹುಳಿ ಮಣ್ಣು. ಕಾಫಿಗೆ ಸುಣ್ಣ ಹಾಕುವುದು ಅದಕ್ಕೇ ತಾನೇ? ಅದೇ ಹುಳಿ, ಈ ಮಳೆ ಸೇರಿ ಮೂಳೆಯನ್ನು ತಿಂದುಬಿಡುತ್ತವೆ. ಕೊನೆಗೆ ಹಲ್ಲು ಮಾತ್ರ ಉಳಿಯಬಹುದು. ಹಾಗಾಗಿ ತೆಗೆದ ಮಣ್ಣನ್ನು ಚೆಲ್ಲಬೇಡಿ, ಜರಡಿ ಹಿಡಿಯುವವರಿಗೆ ಅದು ಬೇಕು. ಕಲ್ಲು ಚಪ್ಪಡಿ, ಕಪ್ಪು-ಕೆಂಪು ಮಡಕೆ ಚೂರು ಜೊತೆಗಿದ್ದರೆ ತುಂಬಾ ಹಳೆಯ ಸಮಾಧಿ ಇರಬಹುದು. ಪುರಾತತ್ವ ಇಲಾಖೆಗೂ ತಿಳಿಸಿ.

ಒಮ್ಮೆ ತೋಟದ ಕೂಲಿಯವರ ಹಳೇ ಲೈನ್ ಮನೆಗಳ ಹಿಂದೆ ದರೆ ಕುಸಿದು ಸಣ್ಣ ಮೂಳೆಗಳು ಕಂಡವು. ಮೇಕೆಮರಿ ಅಂದರು ಎಲ್ಲರೂ. ತುದಿಗಳು ಇನ್ನೂ ಮೂಳೆಗೆ ಕೂಡಿಕೊಂಡಿರಲಿಲ್ಲ. ಮರಿಗೂ ಮಗುವಿಗೂ ಹಾಗೇ ಇರುತ್ತದೆ. ಆದರೆ ಗೊರಸಿನ ಮೂಳೆ ಒಂದೂ ಇರಲಿಲ್ಲ. ತೆಳ್ಳಗೆ ಬಾಗಿದ ಬುರುಡೆಯ ಚೂರುಗಳಿದ್ದವು. ಕೆಲಸ ನಿಲ್ಲಿಸಿ ಪೊಲೀಸರಿಗೆ ಹೇಳಿದೆವು. ಯಾವ ಕಾಲದಲ್ಲೋ ಹೂತ ಮಗು. ಪರೀಕ್ಷೆ ಮುಗಿದು ವಾಪಸ್ ಬಂದ ಮೇಲೆ ಲೈನಿನ ಹೆಂಗಸರು ಹೂವು ಹಾಕಿ ಮತ್ತೆ ಮಣ್ಣು ಮಾಡಿದರು.